ನೋಡುವ ಬಿಲ್ಲು, ಹೊಡೆಯುವ ಬಿಲ್ಲು

ಬೇಟೆಯೇ ನಿಂತುಹೋದ ಕಾಲದಲ್ಲಿ ಬೇಟೆಯ ಬಿಲ್ಲು ರಿಪೇರಿ ಮಾಡುವವನಿಗೆ ಏನು ಕೆಲಸ ಎಂದು ಕೇಳುವವರಿದ್ದಾರೆ. ಕೇಳಲಿ. ಕರೂರು ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ಹಗಲು ಬಾಗಿಲು, ಮಂಚ ಮಾಡುತ್ತ, ಸಂಜೆ ಅದೇ ಶೆಡ್ಡಿನ ಮೂಲೆಯಲ್ಲಿ ಬಿಲ್ಲು ಹಿಡಿದು ಕೂರುತ್ತ ಮೂವತ್ತು ವರ್ಷ ಕಳೆದಿದ್ದೇನೆ. ಕೊನೆಯ ಹತ್ತು ವರ್ಷ ಬಾಗಿಲು, ಮಂಚ ಬಿಟ್ಟು ಬರೀ ಬಿಲ್ಲೇ ಆಯಿತು. ಈಗ ಹೆಬ್ಬೆರಳು ಮಾತು ಕೇಳುವುದಿಲ್ಲ. ಅದಕ್ಕೇ ಉಳಿ, ಅರ ಎಲ್ಲ ಬೇರೆಯವರ ಕೈಗೆ ಕೊಟ್ಟು, ನಿಜಲಿಂಗಪ್ಪ ಬಡಾವಣೆಯ ಮಗಳ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಚಹಾ ಕುಡಿದುಕೊಂಡು ಇದ್ದೇನೆ.

ಹಳೆಯ ವಸ್ತು ಕಾಪಾಡುವುದನ್ನು ಕಲಿಸುವ ಕೋರ್ಸುಗಳು ಬಂದಿವೆಯಂತೆ. ಅದರಲ್ಲಿ ಓದುವ ಮೂವರು ಮನೆಗೆ ಬಂದು, ನಿಮಗೆ ಗೊತ್ತಿರುವುದನ್ನು ಬರೆದಿಡಿ ಎಂದರು. ಗೊತ್ತಿರುವುದನ್ನು ಬರೆದರೆ ಎರಡು ಪುಟ. ಗೊತ್ತಿಲ್ಲದೆ ಕೆಡಿಸಿದ್ದನ್ನು ಬರೆದರೆ ಒಂದು ಪುಸ್ತಕವಾಗುತ್ತದೆ. ಎರಡರಿಂದಲೂ ಸ್ವಲ್ಪ ಸ್ವಲ್ಪ ತೆಗೆದು ಇಲ್ಲಿ ಬರೆಯುತ್ತಿದ್ದೇನೆ.

ನಾವು ಪಿಂಜಾರರು. ಅಪ್ಪ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದರು. ಹತ್ತಿ ಹಿಂಜುವುದಕ್ಕೂ ಒಂದು ಬಿಲ್ಲು ಬೇಕು. ಆಳೆತ್ತರದ ಬಿಲ್ಲು, ಆಡಿನ ಕರುಳನ್ನು ತೊಳೆದು ಹೊಸೆದು ಮಾಡಿದ ಹುರಿ. ಮರದ ಗುಂಡಿನಿಂದ ಆ ಹುರಿಗೆ ಹೊಡೆದರೆ ಓಣಿಯ ತುದಿಯವರೆಗೂ ಸದ್ದು ಕೇಳುತ್ತಿತ್ತು. ಹಿಂಜುವ ಮಿಷನ್ನು ಬಂತು, ಅದರ ಹಿಂದೆ ಫೋಮಿನ ಗಾದಿ ಬಂತು, ನಮ್ಮ ಬಿಲ್ಲು ಅಟ್ಟ ಸೇರಿತು. ನಾನು ಬಡಗಿ ಕೆಲಸಕ್ಕೆ ಸೇರಿದೆ. ಆದರೆ ಕರುಳಿನ ಹುರಿ ಹೊಸೆಯುವ ಕೈ ಮರೆತಿರಲಿಲ್ಲ. ಹರಿಹರದ ಕಡೆಯ ನಾಯಕರ ಮನೆಯವರೊಬ್ಬರು ಅಜ್ಜನ ಬೇಟೆ ಬಿಲ್ಲಿಗೆ ಹೆದೆ ಬೇಕೆಂದು ಹುಡುಕುತ್ತ ಹುಡುಕುತ್ತ ನಮ್ಮ ಮನೆಗೆ ಬಂದರು. ಹೊಸೆದು ಕೊಟ್ಟೆ. ಬಾಯಿಂದ ಬಾಯಿಗೆ ಸುದ್ದಿ ಹರಡಿತು. ಹೆದೆ ಕೇಳಿ ಬಂದವರು ಹಿಂದಿನಿಂದ ಬಿಲ್ಲನ್ನೂ ತಂದರು. ಬೆರಳು ಕೊಟ್ಟರೆ ಹಸ್ತ ನುಂಗುತ್ತಾರೆ ಎನ್ನುವುದು ನನ್ನ ವಿಷಯದಲ್ಲಿ ಒಳ್ಳೆಯದೇ ಆಯಿತು.

ಹೆದೆ ಬರುತ್ತಿತ್ತು, ಬಿಲ್ಲು ಬರುತ್ತಿರಲಿಲ್ಲ. ಅದನ್ನು ಕಲಿಸಿದವರು ಹರಿಹರದ ರುದ್ರಾಚಾರ್ರು. ಬಾಗಿಲ ಚೌಕಟ್ಟು ಮಾಡುವ ಬಡಗಿ, ಆದರೆ ಅವರ ತಂದೆ ಬೇಟೆಗಾರರಿಗೆ ಬಿಲ್ಲು ಮಾಡಿಕೊಡುತ್ತಿದ್ದರು. ಮೊದಲ ದಿನ ನಾನು ಒಂದು ಮುರಿದ ಬಿಲ್ಲು ಹಿಡಿದುಕೊಂಡು ಹೋಗಿ, ಅಂಟಿನ ಡಬ್ಬಿ ತೆಗೆದೆ. ಅವರು ಡಬ್ಬಿಯನ್ನು ಕಾಲಿನಿಂದ ಆಚೆ ಸರಿಸಿದರು.

"ಲೇ ಇಮಾಮ, ಇದು ಯಾವ ಕಟ್ಟಿಗಿ?"

"ಗೊತ್ತಿಲ್ರಿ."

"ಹೊಟ್ಟಿ ಯಾವ ಕಡೆ, ಬೆನ್ನು ಯಾವ ಕಡೆ?"

"ಅದೂ ಗೊತ್ತಿಲ್ರಿ."

"ಹೆಸರು ಕೇಳದಂಗೆ ಔಷಧಿ ಕೊಡಾಕ ಬಂದೀಯೇನು? ಇಡು ಕೆಳಗೆ."

ಅವತ್ತು ಇಡೀ ದಿನ ಬಿಲ್ಲನ್ನು ಸುಮ್ಮನೆ ಕೈಯಲ್ಲಿ ಹಿಡಿಸಿ ಕೂರಿಸಿದರು. ಅದು ತಡಸಲು ಮರ. ಎಷ್ಟು ಬಗ್ಗಿಸಿದರೂ ಹಿಂದಕ್ಕೆ ಬರುವ ಜಾತಿ. ಎಳೆಯುವವನ ಕಡೆಗಿನದು ಬಿಲ್ಲಿನ ಹೊಟ್ಟೆ, ಆಚೆಯದು ಬೆನ್ನು. ಹೊಟ್ಟೆಯನ್ನು ಕೆರೆಯಬಹುದು, ಬೆನ್ನಿಗೆ ಉಳಿ ತಾಗಿಸಬಾರದು; ಬೆನ್ನಿನ ಒಂದು ಎಳೆ ಕಡಿದರೆ ಬಿಲ್ಲು ಅಲ್ಲೇ ಸೀಳುತ್ತದೆ. ಇಷ್ಟು ಹೇಳುವುದಕ್ಕೆ ಅವರಿಗೆ ಒಂದು ವಾರ ಬೇಕಾಯಿತು, ಏಕೆಂದರೆ ಚಹಾ ಕುಡಿಯುವ ತನಕ ಅವರು ಮಾತೇ ಆಡುತ್ತಿರಲಿಲ್ಲ, ಕುಡಿದ ಮೇಲೆ ಬೈಯುವುದೇ ಹೆಚ್ಚು. ಬಿಲ್ಲನ್ನು ಗೋಡೆಗೆ ಹಿಡಿದು ಬಗ್ಗಿಸಿ, ಅದರ ಬಾಗನ್ನು ಇದ್ದಿಲಿನಿಂದ ಗೋಡೆಯ ಮೇಲೆ ಗೆರೆ ಎಳೆದು ನೋಡುವುದನ್ನು ಅವರೇ ಕಲಿಸಿದ್ದು. ಹಿಡಿಯಿಂದ ಮೇಲಿನದೊಂದು, ಕೆಳಗಿನದೊಂದು, ಬಿಲ್ಲಿನ ಈ ಎರಡು ತೋಳೂ ಒಂದೇ ಸಮ ಬಾಗಿದರೆ ಬಿಲ್ಲು ಆರೋಗ್ಯವಾಗಿದೆ. ಒಂದು ಕಡೆ ಬಾಗದೆ ನಿಂತರೆ ಇನ್ನೊಂದು ಕಡೆ ಎಲ್ಲ ಭಾರ ಹೊತ್ತು ಒಂದು ದಿನ ಮುರಿಯುತ್ತದೆ. ಈಗಿನವರು ಫೋನಿನಲ್ಲಿ ಫೋಟೊ ತೆಗೆದು ಅದರ ಮೇಲೆ ಗೆರೆ ಹಾಕುತ್ತಾರೆ. ಒಳ್ಳೆಯದೇ, ಗೋಡೆಯಾದರೂ ಉಳಿಯಿತು.

ಇನ್ನು ನಾನು ಮಾಡಿದ ತಪ್ಪುಗಳು. ಮೊದಲನೆಯದು ಒಂದು ಮ್ಯೂಸಿಯಮ್ಮಿನ ಬಿಲ್ಲು. ಕಪ್ಪು ಮಸಿ ಹಿಡಿದು ಜಿಡ್ಡಾಗಿತ್ತು. ಇವರು ನನ್ನನ್ನು ನಂಬಿ ಕೊಟ್ಟಿದ್ದಾರೆ, ಕೈಚಳಕ ತೋರಿಸೋಣ ಎಂದುಕೊಂಡು ಗಾಜಿನ ಚೂರಿನಿಂದ ಕೆರೆದು, ಪಾಲಿಶ್ ಪೇಪರ್ ಉಜ್ಜಿ, ಮುಖ ಕಾಣುವಂತೆ ಪಾಲಿಶ್ ಹಚ್ಚಿದೆ. ಅಲ್ಲಿನ ಅಧಿಕಾರಿ ಒಬ್ಬ ಮೇಡಂ. ಬಿಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಬೈಯುತ್ತಾರೆ ಎಂದು ಗೊತ್ತಾಯಿತು, ಏಕೆ ಎಂದು ಗೊತ್ತಾಗಲಿಲ್ಲ.

"ಸಾಬ್ರೇ, ಇದು ಯಾರ ಬಿಲ್ಲು?"

"ನಿಮ್ಮ ಮ್ಯೂಸಿಯಮ್ಮಿಂದು ಮೇಡಂ."

"ಮೊನ್ನೆ ತನಕ ಒಬ್ಬ ಬೇಟೆಗಾರಂದು ಇತ್ತು. ಅವನ ಕೈಯ ಜಿಡ್ಡು ಹಿಡಿಯ ಮ್ಯಾಲ ಇತ್ತು. ಈಗ ಇದು ನಿಮ್ದು."

ಅಷ್ಟೇ ಹೇಳಿದರು. ಮನೆಗೆ ಬಂದ ಮೇಲೆ ಅರ್ಥವಾಯಿತು. ವರ್ಷಗಟ್ಟಲೆ ಒಬ್ಬ ಮನುಷ್ಯ ಹಿಡಿದ ಗುರುತನ್ನು ನಾನು ಅರ್ಧ ದಿನದಲ್ಲಿ ಉಜ್ಜಿ ಹಾಕಿದ್ದೆ. ಆದರೂ ಆ ಮೇಡಂ ನನಗೆ ಕೆಲಸ ಕೊಡುವುದನ್ನು ನಿಲ್ಲಿಸಲಿಲ್ಲ, ಅದು ಅವರ ದೊಡ್ಡತನ. ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆಯುವುದು, ಮಾಡಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಬಿಲ್ಲಿನ ಜೊತೆ ಇಡುವುದು, ಬೇಕಿಲ್ಲದ ಕಡೆ ಕೈ ಕಟ್ಟಿ ಕೂರುವುದು, ಇವನ್ನು ಕಲಿಸಿದರು. ಕೊನೆಯದೇ ಕಷ್ಟದ್ದು. ಹುಳು ಬಿದ್ದ ಬಿಲ್ಲನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ ಥಂಡಿ ಪೆಟ್ಟಿಗೆಯಲ್ಲಿಟ್ಟು ಹುಳು ಕೊಲ್ಲುವ ಹೊಸ ಪದ್ಧತಿಯನ್ನೂ ಅವರೇ ಹೇಳಿದ್ದು. ಮೊದಲ ಸಲ ಪರಿಚಯದ ಐಸ್‌ಕ್ರೀಂ ಅಂಗಡಿಯವರನ್ನು ಕಾಡಿ ಬೇಡಿ ಅವರ ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಕುಲ್ಫಿ ಕೇಳಿದವರಿಗೆಲ್ಲ ಆ ಪುಣ್ಯಾತ್ಮ ಒಂದು ವಾರ ಬಿಲ್ಲು ತೋರಿಸಿದ್ದಾನೆ.

ಎರಡನೆಯ ತಪ್ಪು ನಗುವಂಥದ್ದಲ್ಲ. ಹರಿಹರದ ಒಬ್ಬ ನಿವೃತ್ತ ಮೇಷ್ಟ್ರು ತಾತನ ಬಿಲ್ಲು ಕೊಟ್ಟಿದ್ದರು. ಸೀಳಿಗೆ ಅಂಟು ತುಂಬಿ, ಹಿಡಿ ಕಟ್ಟಿ, ಚೆಂದ ಮಾಡಿ ಕಳಿಸಿದೆ. ಗೋಡೆಗೆ ತೂಗು ಹಾಕುತ್ತಾರೆ ಎಂದು ನಾನು ತಿಳಿದಿದ್ದೆ. ಅವರು ಹೆದೆ ಏರಿಸಿ, ಮೊಮ್ಮಕ್ಕಳ ಮುಂದೆ ಕಿವಿಯವರೆಗೆ ಎಳೆದರು. ಬಿಲ್ಲಿನ ಮೇಲಿನ ತೋಳು ಮುರಿದು ಹುಬ್ಬಿಗೆ ಬಡಿಯಿತು. ಐದು ಹೊಲಿಗೆ. ಇನ್ನು ಅರ್ಧ ಬೆರಳು ಕೆಳಗೆ ಬಡಿದಿದ್ದರೆ ಕಣ್ಣೇ ಹೋಗುತ್ತಿತ್ತು. ಆಸ್ಪತ್ರೆಗೆ ಓಡಿದೆ. ಪಟ್ಟಿ ಕಟ್ಟಿಸಿಕೊಂಡು ಕೂತಿದ್ದವರು ನನಗೇ ಸಮಾಧಾನ ಹೇಳಿದರು.

"ಇರ್ಲಿ ಬಿಡ್ರಿ ಸಾಬ್ರೆ. ನೀವು ಎಳೀಬ್ಯಾಡ್ರಿ ಅನ್ನಲಿಲ್ಲ, ನಾನು ಎಳೀಲೇನು ಅಂತ ಕೇಳಲಿಲ್ಲ."

ಅವತ್ತಿನಿಂದ ಎರಡು ನಿಯಮ ಮಾಡಿಕೊಂಡೆ. ಬಿಲ್ಲು ತಂದವರನ್ನು ಮೊದಲು ಕೇಳುವುದು: ನೋಡುವುದಕ್ಕೋ, ಹೊಡೆಯುವುದಕ್ಕೋ? ನೋಡುವ ಬಿಲ್ಲಿಗೆ ಮಾಡುವ ಕೆಲಸವೇ ಬೇರೆ, ಹೊಡೆಯುವ ಬಿಲ್ಲಿಗೆ ಮಾಡುವ ಕೆಲಸವೇ ಬೇರೆ. ಎರಡನೆಯದು, ಹೊಡೆಯುವ ಬಿಲ್ಲಾದರೆ ಮೊದಲು ಎಳೆಯುವವನು ನಾನೇ. ಮುರಿದರೆ ನನ್ನ ಮುಖಕ್ಕೇ ಬಡಿಯಲಿ. ಈ ಕೆಲಸಕ್ಕೆ ಬರುವ ನೀವು ಬೇರೆಲ್ಲ ಮರೆತರೂ ಇದನ್ನು ಮರೆಯಬೇಡಿ.

ಬೇಟೆ ಇಲ್ಲದಿದ್ದರೂ ಹೊಡೆಯುವ ಬಿಲ್ಲು ಯಾಕೆ ಎಂದರೆ, ನಮ್ಮ ಕಡೆ ವಿಜಯದಶಮಿಯ ದಿನ ಬನ್ನಿ ಗಿಡದ ಹತ್ತಿರ ಬಾಳೆಕಂದು ನೆಟ್ಟು ಅದಕ್ಕೆ ಅಂಬು ಹೊಡೆಯುತ್ತಾರೆ. ಅಂಬು ನಾಟಿದ ಮೇಲೆಯೇ ಊರವರು ಬನ್ನಿ ಹರಿದು ಒಬ್ಬರಿಗೊಬ್ಬರು ಕೊಡುವುದು. ಕೆಲವು ಊರುಗಳಲ್ಲಿ ಆ ಅಂಬು ಒಂದು ಮನೆತನದ ಹಕ್ಕು. ನನ್ನ ಕೆಲಸದ ಕೊನೆಯ ವರ್ಷ ಬಂದದ್ದು ಅಂಥ ಮನೆಯ ಬಿಲ್ಲು.

ಪಿತೃಪಕ್ಷದ ಒಂದು ಮಧ್ಯಾಹ್ನ ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಕಂಬಳಿಯಲ್ಲಿ ಏನನ್ನೋ ಸುತ್ತಿಕೊಂಡು ಶೆಡ್ಡಿಗೆ ಬಂದರು. ಹೆಸರು ಗಂಗಮ್ಮ. ಕಡರನಾಯಕನಹಳ್ಳಿಯಿಂದ ಆಚೆಗಿನ ಒಂದು ಸಣ್ಣ ಊರು. ಎರಡು ಬಸ್ಸು ಬದಲಿಸಿ ಬಂದಿದ್ದರು. ಕಂಬಳಿ ಬಿಚ್ಚಿದಾಗ ಒಳ್ಳೆಯ ತಡಸಲಿನ ಬಿಲ್ಲು, ಕೆಳಗಿನ ತೋಳಿನಲ್ಲಿ ಗೇಣುದ್ದದ ಸೀಳು. ಮುಟ್ಟಿದರೆ ಕೈಯೆಲ್ಲ ಹರಳೆಣ್ಣೆ.

"ನೋಡೋದಕ್ಕೋ, ಹೊಡೆಯೋದಕ್ಕೋ ಅಮ್ಮ?"

"ಹೊಡೆಯೋದಕ್ಕೇ ರೀ. ದಸರಾದ ದಿನ."

"ಯಾರು ಹೊಡಿತಾರೆ?"

ಗಂಗಮ್ಮ ಕಂಬಳಿ ಮಡಿಸುತ್ತ ಹೇಳಿದರು. ಗಂಡ ಇರುವ ತನಕ ಅಂಬು ಅವರದೇ. ಗಂಡ ತೀರಿಕೊಂಡ ಕಾರಣ ಹಿಂದಿನ ವರ್ಷ ಸೂತಕ; ಗಂಡನ ದಾಯಾದಿ ತಮ್ಮ ತಿಪ್ಪೇಶಪ್ಪ ಬೇರೆ ಬಿಲ್ಲಿನಲ್ಲಿ ಹೊಡೆದಿದ್ದ. ಆ ಒಂದು ವರ್ಷದ ಮಟ್ಟಿಗೆ ಮಾತ್ರ ಎಂದು ಹಿರಿಯರ ಮಾತಾಗಿತ್ತು. ಹೆಣ್ಣುಮಕ್ಕಳಿಬ್ಬರೂ ಮದುವೆಯಾಗಿ ಹೋಗಿದ್ದಾರೆ. ಬಿಲ್ಲು ಯಾರ ಮನೆಯದೋ ಅಂಬು ಆ ಮನೆಯದು ಎನ್ನುವುದು ಊರಿನ ಕಟ್ಟು. ಹೆಂಗಸು ಹೊಡೆಯಬಾರದು ಎಂದು ಯಾರೂ ಹೇಳಿಲ್ಲ, ಹಾಗೆ ಆಗಬಹುದೆಂದು ಯಾರಿಗೂ ಹೊಳೆದೇ ಇರಲಿಲ್ಲ. ನಾನೇ ಹೊಡೆಯುತ್ತೇನೆ ಎಂದು ಗಂಗಮ್ಮ ಹಿರಿಯರ ಮುಂದೆ ಹೇಳಿ, ಅವರೂ ತಲೆ ಕೆರೆದುಕೊಂಡು ಒಪ್ಪಿದ್ದರು. ಅಷ್ಟರಲ್ಲಿ ಬಿಲ್ಲು ಸೀಳಿತ್ತು.

"ವರ್ಷದ ಕಾರ್ಯ ಮುಗಿದ ಮಾರನೇ ದಿನಾನೇ ಸೀಳೈತೆ ರೀ. ಬಿಲ್ಲೂ ಯಜಮಾನನ ಹಿಂದೆ ಹೋತು, ಇನ್ನು ಆ ಮನಿಗೆ ಅಂಬು ಇಲ್ಲ ಅಂತಾನೆ ತಿಪ್ಪೇಶಿ. ಊರಾಗೆ ಎಲ್ಲಾರೂ ಹೌದು ಅಂತಾರೆ."

"ನಿಮಗೂ ಹಂಗೇ ಅನಸ್ತೈತೇನು?"

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನಾನೇ ಕೆಡಿಸೀನಿ ರೀ. ಮನಿ ಎಲ್ಲಾ ತೊಳೆದೆ, ಪಾತ್ರಿ ತೊಳೆದೆ, ಹಾಸಿಗಿ ತೊಳೆದೆ. ಇದೊಂದನ್ನ ಯಾಕ ಬಿಡಬೇಕು, ಇದಕ್ಕೂ ಸೂತಕ ಅಲ್ಲೇನು ಅಂತ ಸೀಗೆಕಾಯಿ ಹಾಕಿ ತೊಳೆದು, ತೊಟ್ಟಿಯಾಗೆ ಒಂದು ರಾತ್ರಿ ನೆನೆ ಇಟ್ಟೆ. ಬೆಳಿಗ್ಗೆ ಮಾಳಿಗಿ ಮ್ಯಾಲ ಬಿಸಿಲಿಗೆ ಹಾಕಿದೆ. ಹೆದೆ ಬಿಚ್ಚಬೇಕು ಅಂತ ಗೊತ್ತಾಗಲಿಲ್ಲ. ಮಧ್ಯಾಹ್ನ ಟಪ್ ಅಂತು. ಸೀಳು ಕೂಡಲಿ ಅಂತ ಎಣ್ಣಿ ಹೊಯ್ದೆ."

ಸೂತಕ ಕಳೆಯಲೆಂದು ಬಿಲ್ಲಿಗೆ ತಲೆಸ್ನಾನ ಮಾಡಿಸಿದವರನ್ನು ನಾನು ಅದೇ ಮೊದಲು ಕಂಡದ್ದು. ನಗು ಬಂತು, ಅವರ ಮುಖ ನೋಡಿ ನುಂಗಿಕೊಂಡೆ.

"ಅಮ್ಮ, ಬಿಲ್ಲು ಸತ್ತಿಲ್ಲ. ನೆಂದೈತೆ, ಅಷ್ಟೇ."

"ಹಂಗಂತ ಊರಾಗೆ ಹೇಳಿದ್ರೆ ನಂಬ್ತಾರೇನ್ರಿ? ಹೊಡೆದು ತೋರಿಸಬೇಕು. ನಮ್ಮನಿಯವರು ಹೋದ ಮ್ಯಾಲ ನನ್ನ ಯಾವ ಕಾರ್ಯಕ್ಕೂ ಮುಂದೆ ಕರೆಯಂಗಿಲ್ಲ. ಊರಾಗೆ ನಮ್ಮನಿ ಹೆಸರು ಹಿಡಿದು ಕೂಗೋದು ಅದೊಂದೇ ದಿನ. ಅದೂ ಹೋದ್ರೆ ನಾನು ಇದ್ದೂ ಇಲ್ಲದಂಗೆ."

ಈ ಮಾತು ಕೇಳಿದ ಮೇಲೆ ಆಗುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಆದರೆ ಆಗುತ್ತದೆ ಎನ್ನುವ ಧೈರ್ಯವೂ ಇರಲಿಲ್ಲ. ದಸರಾಕ್ಕೆ ಮೂರು ವಾರ. ನೆಂದ ಮರ ನಿಧಾನವಾಗಿ ಆರಬೇಕು. ಆತುರ ಮಾಡಿದರೆ ಸೀಳು ಬೆಳೆಯುತ್ತದೆ. ಎಣ್ಣೆ ಕುಡಿದ ಸೀಳಿಗೆ ಅಂಟು ಹಿಡಿಯುವುದಿಲ್ಲ. ಮೇಷ್ಟ್ರ ಹುಬ್ಬು ಕಣ್ಣ ಮುಂದೆ ಬಂತು. ಇವರದು ಹೆಂಗಸಿನ ಮುಖ, ಅದೂ ಊರೆಲ್ಲ ನೋಡುತ್ತಿರುವಾಗ.

ಹೆದೆ ಬಿಚ್ಚಿ, ಬಿಲ್ಲನ್ನು ಹಿಂಜಿದ ಹತ್ತಿಯಲ್ಲಿ ಸಡಿಲವಾಗಿ ಸುತ್ತಿ ನೆರಳಿನಲ್ಲಿ ಮಲಗಿಸಿದೆ. ಹತ್ತಿ ನೀರನ್ನು ಅವಸರವಿಲ್ಲದೆ ಎಳೆದುಕೊಳ್ಳುತ್ತದೆ. ದಿನಕ್ಕೊಮ್ಮೆ ಹತ್ತಿ ಬದಲಿಸುವುದು, ಸೀಳಿಗೆ ಸುಣ್ಣದ ಪುಡಿ ತುಂಬಿ ಎಣ್ಣೆ ಹೀರಿಸಿ ಮತ್ತೆ ತೆಗೆಯುವುದು. ಹತ್ತು ದಿನ ಇದೇ ಬಾಣಂತನ. ಬಿಲ್ಲು ಹಗುರವಾಯಿತು, ಬೆರಳಿನಿಂದ ತಟ್ಟಿದರೆ ಗಟ್ಟಿ ಸದ್ದು ಕೊಟ್ಟಿತು. ಅಂಟು ಎಷ್ಟು ಹಿಡಿಯುತ್ತದೋ ಅಷ್ಟು ಹಿಡಿಯಲಿ ಎಂದು ತುಂಬಿದೆ, ನಂಬಲಿಲ್ಲ. ನಂಬಿದ್ದು ಅಪ್ಪ ಕಲಿಸಿದ ಕರುಳಿನ ಹುರಿಯನ್ನು. ಹಸಿ ಹುರಿಯನ್ನು ಸೀಳಿನ ಮೇಲೆ ಒತ್ತೊತ್ತಾಗಿ ಸುತ್ತಿದರೆ, ಒಣಗುತ್ತ ಅದು ತಾನೇ ಬಿಗಿಯುತ್ತದೆ. ಯಾವ ಕಬ್ಬಿಣದ ಪಟ್ಟಿಯೂ ಹಾಗೆ ಹಿಡಿಯುವುದಿಲ್ಲ.

ಬಿಗಿದದ್ದೇ ಇನ್ನೊಂದು ತೊಂದರೆ ತಂದಿತು. ಗೋಡೆಗೆ ಹಿಡಿದು ಬಗ್ಗಿಸಿದರೆ ಸುತ್ತಿದ ತೋಳು ಬಾಗುತ್ತಿಲ್ಲ, ಮೇಲಿನ ತೋಳಿಗೆ ಎಲ್ಲ ಭಾರ. ಎರಡನ್ನೂ ಸಮ ಮಾಡಲು ಕೆಳಗಿನ ತೋಳಿನ ಹೊಟ್ಟೆಯನ್ನು, ಸುತ್ತಿದ ಜಾಗದಿಂದ ಆಚೆ, ಸ್ವಲ್ಪ ಕೆರೆಯಲೇಬೇಕು. ಮ್ಯೂಸಿಯಮ್ಮಿನ ಬಿಲ್ಲಿನ ಪಾಠ ನೆನಪಾಯಿತು. ಗಂಡನ ಕೈ ಆಡಿದ ಮರ, ಹೇಗೆ ಕೆರೆಯಲಿ? ಎರಡು ದಿನ ಹಾಗೇ ಇಟ್ಟುಕೊಂಡು, ಕೊನೆಗೆ ಗಂಗಮ್ಮನಿಗೆ ಫೋನು ಮಾಡಿ, ಮಾತು ಸುತ್ತಿ ಬಳಸಿ ವಿಷಯ ಹೇಳಿದೆ.

"ಅಯ್ಯ, ಕೆರೀರಿ ಸಾಬ್ರೆ. ಅವರೂ ವರ್ಷಕ್ಕೊಮ್ಮೆ ಗಾಜಿನ ಚೂರು ಹಿಡಕೊಂಡು ಕೆರೀತಾ ಕೂತಿರ್ತಿದ್ರು. ಅಂಗಳ ಗುಡಿಸೋ ಕೆಲಸ ನನಗೇ ಬರ್ತಿತ್ತು."

ಎರಡು ದಿನ ಸುಮ್ಮನೆ ಒದ್ದಾಡಿದ್ದೆ. ಕೆರೆದೆ. ಇದ್ದಿಲಿನ ಗೆರೆ ಎರಡೂ ಕಡೆ ಸಮವಾಗಿ ಬಂತು. ಮೊದಲು ನಾನೇ ಎಳೆದೆ, ಎದೆಯವರೆಗೆ. ನೂರು ಸಲ ಎಳೆದು ನೂರು ಸಲ ಬಿಟ್ಟೆ. ಹಿಡಿಯಿತು. ಎದೆ ದಾಟಿಸಿ ಎರಡು ಬೆರಳು ಹೆಚ್ಚು ಎಳೆದಾಗ ಸುತ್ತಿನ ಒಳಗಿನಿಂದ ಕಿರ್ ಎಂದಿತು. ತಕ್ಷಣ ಇಳಿಸಿದೆ. ಆ ಬಿಲ್ಲಿನ ಆಯಸ್ಸು ಎದೆಯವರೆಗೆ ಎಂದು ಗೊತ್ತಾಯಿತು.

ಗಂಗಮ್ಮನನ್ನು ಕರೆಸಿ ಶೆಡ್ಡಿನ ಹಿಂದೆ ಹತ್ತಿ ತುಂಬಿದ ಚೀಲ ನಿಲ್ಲಿಸಿದೆ. ಅಕ್ಕಪಕ್ಕದ ಶೆಡ್ಡಿನವರು ಕೆಲಸ ಬಿಟ್ಟು ನೋಡಲು ಬಂದರು. ಹೊಲದ ಕೆಲಸ ಮಾಡಿದ ತೋಳು, ಎಳೆಯುವುದು ಅವರಿಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ನಿಲ್ಲಿಸುವುದು.

"ಎದಿ ತನಕ ಸಾಕು ಅಮ್ಮ. ಕಿವಿ ತನಕ ಎಳೆದ್ರೆ ನನ್ನ ಕೆಲಸಾನೂ ಹೋತು, ನಿಮ್ಮ ಮುಖಾನೂ ಹೋತು."

"ನಮ್ಮನಿಯವರು ಕಿವಿ ತನಕ ಎಳೀತಿದ್ರು."

"ಅವರು ಬಿಲ್ಲಿಗೆ ಸ್ನಾನ ಮಾಡಿಸಿರಲಿಲ್ಲ."

ನಕ್ಕುಬಿಟ್ಟರು. ಬಂದಾಗಿನಿಂದ ಅವರು ನಕ್ಕದ್ದು ಅದೇ ಮೊದಲು. ಸಂಜೆಯ ಹೊತ್ತಿಗೆ ಹತ್ತರಲ್ಲಿ ಏಳು ಅಂಬು ಚೀಲಕ್ಕೆ ನಾಟುತ್ತಿದ್ದವು. ಮಿಕ್ಕ ಮೂರು ಕಾಂಪೌಂಡಿಗೆ.

ವಿಜಯದಶಮಿಯ ದಿನ ನಾನೂ ಹೋದೆ. ಹೊಡೆಯುವ ಬಿಲ್ಲನ್ನು ಕೊಟ್ಟು ಮನೆಯಲ್ಲಿ ಕೂರುವ ಧೈರ್ಯ ನನಗೆ ಯಾವತ್ತೂ ಇಲ್ಲ. ಊರ ಹೊರಗಿನ ಬನ್ನಿ ಗಿಡ, ಹತ್ತು ಹೆಜ್ಜೆ ದೂರದಲ್ಲಿ ಬಾಳೆಕಂದು. ತಿಪ್ಪೇಶಪ್ಪ ಯಾರೆಂದು ಯಾರೂ ತೋರಿಸಬೇಕಿರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಗಲಲ್ಲಿ ಹೊಸ ಬಿದಿರಿನ ಬಿಲ್ಲು. ಇದು ಆಗದಿದ್ದರೆ ಅದು ಎಂದು ಸಿದ್ಧವಾಗಿಯೇ ಬಂದಿದ್ದ. ಅವನು ಹತ್ತಿರ ಬಂದು ಸುತ್ತಿದ ಹುರಿಯನ್ನು ಬೆರಳಿನಿಂದ ತಡವಿ ನೋಡಿದ.

"ಹೆಣಕ್ಕೆ ಪಟ್ಟಿ ಕಟ್ಟಿದಂಗೆ ಕಟ್ಟೀರಲ್ಲ ಸಾಬ್ರೆ."

"ಹೆಣಕ್ಕೆ ಯಾರೂ ಪಟ್ಟಿ ಕಟ್ಟಲ್ಲ ಯಜಮಾನ್ರೆ. ಬದುಕೋರಿಗೇ ಕಟ್ಟೋದು."

ಹಿರಿಯರೊಬ್ಬರು ಗಂಗಮ್ಮನ ಮನೆತನದ ಹೆಸರು ಹಿಡಿದು ಕೂಗಿದರು. ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದು ನಿಂತರು. ಬಿಲ್ಲು ಎತ್ತಿದರು. ಎಳೆದರು. ಕೈ ಎದೆಗೆ ಬಂತು. ಎದುರಿಗೆ ಊರೆಲ್ಲ ಇದೆ, ಗಂಡ ಎಳೆಯುತ್ತಿದ್ದ ಕಿವಿ ಇನ್ನೂ ಗೇಣು ದೂರ ಇದೆ. ಅಲ್ಲೇ ನಿಲ್ಲಿಸು ತಾಯಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಅಲ್ಲೇ ನಿಲ್ಲಿಸಿ ಬಿಟ್ಟರು. ಅರ್ಧ ಎಳೆತದ ಅಂಬು ದಾರಿಯುದ್ದಕ್ಕೂ ಇಳಿಯುತ್ತ ಹೋಗಿ, ಬಾಳೆಕಂದಿನ ಬುಡದಲ್ಲಿ, ನೆಲದಿಂದ ಗೇಣು ಮೇಲೆ ನಾಟಿತು. ನಾಟಿತೋ, ನೆಲಕ್ಕೆ ಚುಚ್ಚಿತೋ ಎಂದು ಹಿಂದೆ ನಿಂತವರು ಕತ್ತು ಚಾಚುತ್ತಿದ್ದರು.

ತಿಪ್ಪೇಶಪ್ಪ ತನ್ನ ಬಿಲ್ಲನ್ನು ಪಕ್ಕದವನ ಕೈಗೆ ಕೊಟ್ಟು ಬಾಳೆಕಂದಿನ ಹತ್ತಿರ ಹೋದ. ಕುಕ್ಕರಗಾಲಿನಲ್ಲಿ ಕೂತು ನೋಡಿದ. ಅಂಬನ್ನು ಅಲುಗಾಡಿಸಿದ, ಅದು ಬರಲಿಲ್ಲ. ಎರಡು ಕೈ ಹಾಕಿ ಕಿತ್ತು, ತುದಿಗೆ ಅಂಟಿದ ಬಾಳೆಯ ನೀರನ್ನು ತನ್ನ ಬಿಳಿ ಅಂಗಿಗೇ ಒರೆಸಿದ. ಗಂಗಮ್ಮನ ಹತ್ತಿರ ಬಂದು ಅಂಬನ್ನು ಅವರ ಕೈಗಿಟ್ಟ.

"ತಗ ಅತ್ಗೆಮ್ಮ. ಬರೋ ವರ್ಷ ತುಸು ಮ್ಯಾಲ ಹಿಡಿ."